ಉಣ್ಣದಿರುವುದು ವ್ರತವೋ, ವ್ಯಾಧಿಯೋ?

(ಶ್ರಾವಣ ಮಾಸದ ಪ್ರವಚನ ಮಾಲೆಯಲ್ಲಿ ನೀಡಿದ ಆಶೀರ್ವಚನ)



ಶ್ರಾವಣ ಮಾಸವೆಂದರೆ ನಮ್ಮ ನಾಡಿನ ಮನೆಮನೆಗಳಲ್ಲಿ ನೇಮನಿಷ್ಠೆಗಳ ಕಾಲ. ಕೆಲವರು ಸೋಮವಾರ ಒಪ್ಪತ್ತು ಮಾಡುತ್ತಾರೆ. ಕೆಲವರು ತಿಂಗಳೆಲ್ಲ ರಾತ್ರಿಯ ಊಟ ಬಿಡುತ್ತಾರೆ. ಇನ್ನು ಕೆಲವರು ಹಾಲು ಹಣ್ಣಿನ ಮೇಲೆ ದಿನ ಕಳೆಯುತ್ತಾರೆ. ನಾಲಗೆಯ ಚಾಪಲ್ಯವನ್ನು ಕೆಲಕಾಲ ಹಿಡಿತದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸವೇ. ಅದನ್ನು ಯಾರೂ ತಪ್ಪೆನ್ನಲಾರರು. ಆದರೆ ಇಂದು ನಾವು ಉಪವಾಸದ ಮಹಿಮೆಯನ್ನು ಹೇಳಲು ಕುಳಿತಿಲ್ಲ. ಉಪವಾಸದ ವೇಷ ತೊಟ್ಟು ಮನೆಯೊಳಗೆ ಬರುವ ಒಂದು ಕಾಯಿಲೆಯ ವಿಷಯವನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ.

ರೈತನ ಕೊಟ್ಟಿಗೆಯಲ್ಲಿ ಎತ್ತು ಒಂದು ಹೊತ್ತು ಮೇವು ಮುಟ್ಟಲಿಲ್ಲವೆನ್ನಿ. ಆ ರೈತ ಏನು ಮಾಡುತ್ತಾನೆ? ಹತ್ತಿರ ಹೋಗಿ ಮೈ ಸವರುತ್ತಾನೆ. ಕಿವಿ ಮುಟ್ಟಿ ನೋಡುತ್ತಾನೆ. ಬಾಯಿ ತೆರೆಸಿ ನಾಲಗೆ ನೋಡುತ್ತಾನೆ. ಎರಡು ದಿನವಾದರೂ ಮೇವು ಮುಟ್ಟದಿದ್ದರೆ ಪಶುವೈದ್ಯರ ಬಾಗಿಲು ಬಡಿಯುತ್ತಾನೆ. ಎತ್ತು ವ್ರತ ಹಿಡಿದಿದೆಯೆಂದು ಅವನು ಕೈ ಮುಗಿಯುವುದಿಲ್ಲ. ಎತ್ತಿಗೆ ಸೊಕ್ಕು ಬಂದಿದೆಯೆಂದು ಬಾರುಕೋಲು ತೆಗೆದುಕೊಳ್ಳುವುದೂ ಇಲ್ಲ. ಅದೇ ಮನೆಯಲ್ಲಿ ಹದಿನಾರು ವರ್ಷದ ಮಗಳು ಎರಡು ತಿಂಗಳಿನಿಂದ ಅರ್ಧ ರೊಟ್ಟಿ ತಿಂದು ಕೈ ತೊಳೆಯುತ್ತಿದ್ದಾಳೆ. "ಹುಡುಗಿಗೆ ಬಹಳ ಭಕ್ತಿ" ಎಂದು ಒಬ್ಬರು ಹೇಳುತ್ತಾರೆ. "ಹುಡುಗಿಗೆ ಬಹಳ ಹಟ" ಎಂದು ಇನ್ನೊಬ್ಬರು ಹೇಳುತ್ತಾರೆ. ಒಬ್ಬರ ಹೊಗಳಿಕೆ, ಇನ್ನೊಬ್ಬರ ಬೈಗಳು, ಎರಡರ ನಡುವೆ ಆ ಮಗು ಸೊರಗುತ್ತಲೇ ಹೋಗುತ್ತದೆ. ಎತ್ತಿಗೆ ಸಿಕ್ಕ ವಿವೇಕ ಮಗಳಿಗೆ ಸಿಗಬೇಡವೆ?

ಇದು ಕಾಯಿಲೆಯೆಂದು ವೈದ್ಯಶಾಸ್ತ್ರವು ಗುರುತಿಸಿ ಬಹಳ ಕಾಲವಾಯಿತು. ಇದರ ಮುಖ್ಯ ರೂಪಗಳು ಮೂರು. ಮೊದಲನೆಯದು ಅನೊರೆಕ್ಸಿಯಾ. ಇದರಲ್ಲಿ ಊಟವನ್ನು ಕಡಿಮೆ ಮಾಡುತ್ತ ಮಾಡುತ್ತ ದೇಹವು ಎಲುಬಿನ ಹಂದರವಾಗುತ್ತದೆ. ಆದರೂ ಕನ್ನಡಿಯ ಮುಂದೆ ನಿಂತವರಿಗೆ ತಾವು ಇನ್ನೂ ದಪ್ಪವಾಗಿಯೇ ಇದ್ದೇವೆಂದು ತೋರುತ್ತದೆ. ಎರಡನೆಯದು ಬುಲಿಮಿಯಾ. ಇದರಲ್ಲಿ ತಡೆಯಲಾರದೆ ಒಮ್ಮೆಗೇ ಬಹಳ ತಿನ್ನುವುದು, ಆಮೇಲೆ ಹೆದರಿ ಅದನ್ನು ಹೇಗಾದರೂ ಹೊರಹಾಕುವುದು, ಇಲ್ಲವೇ ಮರುದಿನವೆಲ್ಲ ಉಪವಾಸ ಕೂಡುವುದು. ಮೂರನೆಯದರಲ್ಲಿ ಹೊರಹಾಕುವುದಿಲ್ಲ, ಆದರೆ ಹಸಿವಿಲ್ಲದಿದ್ದರೂ ಯಾರಿಗೂ ಕಾಣದಂತೆ ಮಿತಿಮೀರಿ ತಿನ್ನುವುದು, ತಿಂದ ಮೇಲೆ ನಾಚಿಕೆಯಿಂದ ಒಳಗೊಳಗೇ ಕುಗ್ಗುವುದು. ಇದಕ್ಕೆ ಬಿಂಜ್ ಈಟಿಂಗ್ ಎಂದು ಹೆಸರು. ಒಬ್ಬರಲ್ಲಿ ಒಂದು ರೂಪವು ಇನ್ನೊಂದಕ್ಕೆ ತಿರುಗುವುದೂ ಉಂಟು.

1689ರಲ್ಲಿ ಲಂಡನ್ನಿನ ವೈದ್ಯರಾದ ರಿಚರ್ಡ್ ಮಾರ್ಟನ್ ಎಂಬುವರು ಕ್ಷಯರೋಗದ ಬಗ್ಗೆ ಒಂದು ದೊಡ್ಡ ಗ್ರಂಥವನ್ನು ಬರೆದರು. ಅವರು ಮೊದಲು ಧರ್ಮಬೋಧಕರಾಗಿದ್ದವರು, ಆಮೇಲೆ ವೈದ್ಯರಾದವರು. ಆ ಗ್ರಂಥದಲ್ಲಿ ಇಬ್ಬರು ರೋಗಿಗಳ ಪ್ರಸಂಗ ಬರುತ್ತದೆ. ಒಬ್ಬಳು ಹದಿನೆಂಟರ ಹರೆಯದ ಹುಡುಗಿ, ಸದಾ ಓದಿನಲ್ಲಿ ಮುಳುಗಿದವಳು. ಅವಳಿಗೆ ಜ್ವರವಿಲ್ಲ, ಕೆಮ್ಮಿಲ್ಲ, ಕ್ಷಯದ ಯಾವ ಗುರುತೂ ಇಲ್ಲ; ಆದರೂ ಮೈ ಕರಗಿಹೋಗಿತ್ತು. ಅವಳು ಔಷಧಿಗೆ ಬೇಸತ್ತು ಎಲ್ಲವನ್ನೂ ನಿರಾಕರಿಸಿದಳು. ಕೆಲವೇ ತಿಂಗಳಲ್ಲಿ ಮೂರ್ಛೆ ಬಂದು ತೀರಿಕೊಂಡಳು. ಇನ್ನೊಬ್ಬನು ಧರ್ಮಬೋಧಕರೊಬ್ಬರ ಮಗ, ಹದಿನಾರು ವರ್ಷದವನು. ಅವನಿಗೆ ಓದನ್ನು ಬಿಡಿಸಿ, ಹಳ್ಳಿಯ ಗಾಳಿಗೆ ಕಳುಹಿಸಿ, ಹಾಲಿನ ಪಥ್ಯ ಕೊಟ್ಟಾಗ ಬಹುಮಟ್ಟಿಗೆ ಚೇತರಿಸಿಕೊಂಡನು. ಇದು ಬರಿಯ ಹೆಣ್ಣುಮಕ್ಕಳ ಕಾಯಿಲೆಯೆಂದು ಹೇಳುವವರು ಆ ಹುಡುಗನನ್ನು ಮರೆಯಬಾರದು. ಗಂಡುಮಕ್ಕಳಿಗೂ ಬರುತ್ತದೆ. ಅವರಲ್ಲಿ ಯಾರೂ ಹುಡುಕುವುದಿಲ್ಲವಾದ್ದರಿಂದ ಇನ್ನೂ ತಡವಾಗಿ ಕಣ್ಣಿಗೆ ಬೀಳುತ್ತದೆ.

ಮುಂದೆ 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯರು ಇದಕ್ಕೆ ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರನ್ನು ಕೊಟ್ಟರು. ಅದೇ ವರ್ಷ ಪ್ಯಾರಿಸ್ಸಿನ ಲಸೇಗ್ ಎಂಬ ವೈದ್ಯರೂ ಇದನ್ನು ವಿವರಿಸಿದರು. ಮನೆಯವರಿಗೆ ಗೊತ್ತಿರುವ ಉಪಾಯಗಳು ಎರಡೇ, ಅಂಗಲಾಚುವುದು ಮತ್ತು ಗದರಿಸುವುದು. ಎರಡರಿಂದಲೂ ರೋಗವು ಇಳಿಯುವುದಿಲ್ಲವೆಂಬುದನ್ನು ಅವರು ಅಂದೇ ಕಂಡುಕೊಂಡಿದ್ದರು. ಬುಲಿಮಿಯಾವನ್ನು ಬೇರೆಯಾಗಿ ಗುರುತಿಸಿದವರು ಲಂಡನ್ನಿನ ಜೆರಾಲ್ಡ್ ರಸೆಲ್, 1979ರಲ್ಲಿ. ಗೊತ್ತಾದುದಕ್ಕೂ ಜನ ಎಚ್ಚತ್ತುಕೊಳ್ಳುವುದಕ್ಕೂ ನಡುವೆ ಬಹಳ ದೂರ. ಅಮೆರಿಕೆಯ ಪ್ರಸಿದ್ಧ ಗಾಯಕಿ ಕ್ಯಾರೆನ್ ಕಾರ್ಪೆಂಟರ್ ಈ ಕಾಯಿಲೆಯಿಂದ ಹೃದಯ ದುರ್ಬಲವಾಗಿ 1983ರಲ್ಲಿ, 32ನೆಯ ವಯಸ್ಸಿನಲ್ಲಿ ತೀರಿಕೊಂಡಾಗಲೇ ಅಲ್ಲಿಯ ಜನಸಾಮಾನ್ಯರ ಬಾಯಲ್ಲಿ ಇದರ ಮಾತು ಬಂದದ್ದು.

ಇದು ಸಣ್ಣ ಕಾಯಿಲೆಯಲ್ಲ. 36 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ಪರಿಶೀಲನೆಯು 2011ರಲ್ಲಿ ಪ್ರಕಟವಾಯಿತು. ಅನೊರೆಕ್ಸಿಯಾ ಬಂದವರಲ್ಲಿ ಸಾವಿನ ಪ್ರಮಾಣವು ಅದೇ ವಯಸ್ಸಿನ ಇತರರಿಗಿಂತ ಐದಾರು ಪಟ್ಟು ಹೆಚ್ಚೆಂದು ಅದರಲ್ಲಿ ಕಂಡುಬಂತು. ಸತ್ತವರಲ್ಲಿ ಐವರಲ್ಲಿ ಒಬ್ಬರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡವರು. ಹುಡುಗಿಯರ ಷೋಕಿಯೆಂದು ನಗುವವರು ಈ ಮಾತನ್ನು ಕೇಳಿಸಿಕೊಳ್ಳಬೇಕು.

ಹಾಗಾದರೆ ವ್ರತ ಯಾವುದು, ವ್ಯಾಧಿ ಯಾವುದು? ಹೊರಗಿನಿಂದ ನೋಡಿದರೆ ಎರಡೂ ಒಂದೇ. ಇಬ್ಬರ ತಟ್ಟೆಯೂ ಖಾಲಿ. ಒಳಹೊಕ್ಕು ನೋಡಬೇಕು.

ಕೆಲವು ವರ್ಷಗಳ ಹಿಂದೆ ಒಂದು ಕುಟುಂಬವು ಮಠಕ್ಕೆ ಬಂದಿತ್ತು. ಮನೆಯವರ ಒಪ್ಪಿಗೆ ಪಡೆದು, ಹೆಸರು ಊರು ಬಿಟ್ಟು ಹೇಳುತ್ತೇವೆ. ತಂದೆ ಬಹಳ ಸಂತೋಷದಿಂದ, "ಬುದ್ಧಿ, ನಮ್ಮ ಮಗಳು ಶ್ರಾವಣದಲ್ಲಿ ಹಿಡಿದ ಒಪ್ಪತ್ತನ್ನು ಯುಗಾದಿ ಬಂದರೂ ಬಿಟ್ಟಿಲ್ಲ. ಆ ಒಪ್ಪತ್ತಿನಲ್ಲೂ ಎರಡು ತುತ್ತು. ತಾವು ಆಶೀರ್ವಾದ ಮಾಡಬೇಕು" ಎಂದರು. ತಾಯಿ ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹೊರಗೆ ಬಿಸಿಲು ಸುಡುತ್ತಿತ್ತು. ಆ ಹುಡುಗಿ ಉಣ್ಣೆಯ ಸ್ವೆಟರು ಹಾಕಿಕೊಂಡಿದ್ದಳು. ದಾಸೋಹದ ಪಂಕ್ತಿಯಲ್ಲಿ ಕೂರಿಸಿದಾಗ ಅನ್ನವನ್ನು ಎಲೆಯ ಅಂಚಿಗೆ ಸರಿಸಿ ಸರಿಸಿ ಇಟ್ಟಳು. ಬೇಗ ಎದ್ದು ಬಂದು, ಉಳಿದವರಿಗೆ ಬಡಿಸುವುದಕ್ಕೆ ಮುಂದಾದಳು. "ತಗೊಳ್ಳಿ ಅಜ್ಜಿ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ" ಎಂದು ಒತ್ತಾಯ ಮಾಡಿ ಬಡಿಸುತ್ತಿದ್ದಳು. ಬಡಿಸುವ ಕೈ ನಡುಗುತ್ತಿತ್ತು.

ಸಂಜೆ ತಾಯಿಯ ಎದುರಿನಲ್ಲಿಯೇ ಅವಳನ್ನು ಕೇಳಿದೆವು: "ಮಗೂ, ನಾಳೆ ಒಂದೇ ಒಂದು ದಿನ ಈ ನೇಮ ಬಿಡು ಎಂದರೆ ಬಿಡುತ್ತೀಯಾ?" ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಳುತ್ತ, "ಬಿಡಕ್ಕೆ ಆಗಲ್ಲ ಬುದ್ಧಿ. ಬಿಡ್ತೀನಿ ಅಂದ್ಕೊಂಡ್ರೇ ಹೆದರಿಕೆ ಆಗುತ್ತೆ" ಎಂದಳು.

ಶರಣರೇ, ವ್ಯತ್ಯಾಸವೆಲ್ಲ ಆ ಒಂದು ಮಾತಿನಲ್ಲಿದೆ. ಮನುಷ್ಯನು ನೇಮವನ್ನು ಹಿಡಿದಿದ್ದರೆ ಅದು ವ್ರತ. ನೇಮವೇ ಮನುಷ್ಯನನ್ನು ಹಿಡಿದರೆ ಅದು ವ್ಯಾಧಿ. ವ್ರತಕ್ಕೆ ಆರಂಭವುಂಟು, ಮುಕ್ತಾಯವುಂಟು. ಮೈಗೆ ಹುಷಾರಿಲ್ಲದಿದ್ದರೆ ಬಿಡಬಹುದು. ಬಸುರಿಗೆ, ಬಾಣಂತಿಗೆ, ಮಕ್ಕಳಿಗೆ ವಿನಾಯಿತಿಯುಂಟು. ವ್ರತ ಮಾಡಿದವರು ಪಾರಣೆಯ ದಿನ ನಗುತ್ತ ಉಣ್ಣುತ್ತಾರೆ. ವ್ಯಾಧಿಗೆ ಮುಕ್ತಾಯವಿಲ್ಲ. ಇಂದು ಅರ್ಧ ರೊಟ್ಟಿ, ನಾಳೆ ಕಾಲು ರೊಟ್ಟಿ, ನಾಡಿದ್ದು ಅದೂ ಭಾರ. ಅದರಲ್ಲಿ ಗುಟ್ಟು ಇದೆ, ಸುಳ್ಳು ಇದೆ, ಹೆದರಿಕೆ ಇದೆ. ವ್ರತದಿಂದ ಮನಸ್ಸು ಹಗುರವಾಗುತ್ತದೆ. ವ್ಯಾಧಿಯಿಂದ ದೇಹ ಹಗುರವಾಗಿ ಮನಸ್ಸು ಭಾರವಾಗುತ್ತದೆ.

ಇದು ನಮ್ಮ ಕಾಲದಲ್ಲಿ ಮಾತ್ರ ಎದ್ದ ಪ್ರಶ್ನೆಯಲ್ಲ. ಇಟಲಿಯ ಸಿಯೆನಾ ಪಟ್ಟಣದ ಕ್ಯಾಥರೀನ್ ಎಂಬ ಕ್ರೈಸ್ತ ಸಂತಳು 1380ರಲ್ಲಿ, 33ನೆಯ ವಯಸ್ಸಿನಲ್ಲಿ ದೇಹ ಬಿಟ್ಟಳು. ಅವಳ ಸೇವೆ, ಅವಳ ಧೈರ್ಯ ಬಹಳ ದೊಡ್ಡದು. ಆದರೆ ಆಕೆಗೆ ಊಟವು ಸೇರುತ್ತಿರಲಿಲ್ಲ. ಅವಳ ಧರ್ಮಗುರುಗಳೇ ಉಣ್ಣೆಂದು ಅಪ್ಪಣೆ ಮಾಡಿದರೂ ಉಣ್ಣಲಾಗಲಿಲ್ಲ. ರುಡಾಲ್ಫ್ ಬೆಲ್ ಎಂಬ ಅಮೆರಿಕೆಯ ಇತಿಹಾಸಕಾರರು 1985ರಲ್ಲಿ ಅಂಥ ಸಂತರ ಉಪವಾಸವನ್ನೂ ಇಂದಿನ ಅನೊರೆಕ್ಸಿಯಾವನ್ನೂ ಹೋಲಿಸಿ ಒಂದು ಪುಸ್ತಕ ಬರೆದರು. ಎಲ್ಲ ವಿದ್ವಾಂಸರೂ ಆ ಹೋಲಿಕೆಯನ್ನು ಒಪ್ಪುವುದಿಲ್ಲ. ಸತ್ತ ಸಂತಳಿಗೆ ರೋಗವಿತ್ತೆ ಎಂಬ ಚರ್ಚೆ ನಮಗೆ ಬೇಡ. ಗುರುವೇ ಉಣ್ಣೆಂದರೂ ಉಣ್ಣಲಾಗದಂಥ ಸ್ಥಿತಿಯೊಂದಿದೆ, ಅಷ್ಟು ತಿಳಿದರೆ ಸಾಕು. ನಮ್ಮ ನೆಲದ ಬುದ್ಧನ ಕಥೆಯೂ ಇದೇ ಪಾಠವನ್ನು ಹೇಳುತ್ತದೆ. ಎಲುಬು ಕಾಣುವಷ್ಟು ದೇಹವನ್ನು ದಂಡಿಸಿ, ಇದು ದಾರಿಯಲ್ಲವೆಂದು ಕಂಡುಕೊಂಡು, ಸುಜಾತೆಯು ಕೊಟ್ಟ ಪಾಯಸವನ್ನು ಉಂಡ ಮೇಲೆಯೇ ಅವನಿಗೆ ಬೋಧಿಯಾಯಿತೆಂದು ಹೇಳುತ್ತಾರೆ. ಶರಣರ ಮಾರ್ಗದಲ್ಲಂತೂ ಗುರು, ಲಿಂಗ, ಜಂಗಮರೊಡನೆ ಪ್ರಸಾದವೂ ಅಷ್ಟಾವರಣಗಳಲ್ಲಿ ಒಂದು. ಆವರಣವೆಂದರೆ ಕಾಯುವ ಕವಚ. ಕಾಯುವ ಕವಚವನ್ನೇ ಕಂಡು ಒಬ್ಬ ಮಗಳು ಹೆದರುತ್ತಿದ್ದರೆ, ಅದು ಭಕ್ತಿ ಹೇಗಾದೀತು?

ಇನ್ನೊಂದು ಮುಖ್ಯವಾದ ಪ್ರಶ್ನೆ. "ಬುದ್ಧಿ ಹೇಳಿದರೆ ಕೇಳುವುದಿಲ್ಲವೇಕೆ? ಓದಿದ ಹುಡುಗಿ, ಜಾಣೆ, ಇಷ್ಟೂ ಅರ್ಥವಾಗುವುದಿಲ್ಲವೆ?" ಎಂದು ತಂದೆತಾಯಿಗಳು ಕೇಳುತ್ತಾರೆ. ಇದಕ್ಕೆ ಒಂದು ಒಳ್ಳೆಯ ಉತ್ತರವು ಅಮೆರಿಕೆಯ ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಬಂದಿದೆ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಕೋಟಿಗಟ್ಟಲೆ ಜನ ಹಸಿದಿದ್ದರು. ಅವರನ್ನು ಮತ್ತೆ ಚೇತರಿಸುವ ಬಗೆ ಹೇಗೆಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು 1944 ಮತ್ತು 1945ರಲ್ಲಿ ಒಂದು ಪ್ರಯೋಗ ನಡೆಸಿದರು. ಯುದ್ಧದಲ್ಲಿ ಕೊಲ್ಲಲಾರೆವೆಂದು ಆಯುಧ ಹಿಡಿಯಲು ನಿರಾಕರಿಸಿದ್ದ 36 ಜನ ತರುಣರು ತಾವಾಗಿ ಮುಂದೆ ಬಂದರು. ದೇಹದಲ್ಲಿ ಗಟ್ಟಿ, ಮನಸ್ಸಿನಲ್ಲಿ ಗಟ್ಟಿ ಎಂದು ಪರೀಕ್ಷಿಸಿಯೇ ಅವರನ್ನು ಆರಿಸಿದ್ದರು. 24 ವಾರಗಳ ಕಾಲ ಅವರಿಗೆ ಅರೆಹೊಟ್ಟೆಯ ಊಟ.

ಏನಾಯಿತು? ಮೈ ಸೊರಗಿದ್ದು ಸರಿಯೇ. ಅದಕ್ಕಿಂತ ಹೆಚ್ಚಾಗಿ ಮನಸ್ಸು ತಿರುಗಿತು. ಸದಾ ಊಟದ್ದೇ ಧ್ಯಾನ. ಅಡುಗೆ ಪುಸ್ತಕಗಳನ್ನು ಧರ್ಮಗ್ರಂಥದಂತೆ ಓದತೊಡಗಿದರು. ಸ್ವಲ್ಪವೇ ಇದ್ದ ಊಟವನ್ನು ಕಲಸಿ, ಬೆರೆಸಿ, ಗಂಟೆಗಟ್ಟಲೆ ಎಳೆದಾಡಿ ತಿನ್ನುತ್ತಿದ್ದರು. ಬೇಸಿಗೆಯಲ್ಲೂ ಚಳಿಯೆನ್ನುತ್ತಿದ್ದರು. ಸ್ನೇಹಿತರು ಬೇಡವಾದರು, ನಗು ಬೇಡವಾಯಿತು. ಸಣ್ಣ ಮಾತಿಗೂ ಸಿಟ್ಟು, ಇಲ್ಲವೇ ಮಂಕು. ಮತ್ತೆ ಊಟ ಕೊಟ್ಟ ಮೇಲೂ ಮನಸ್ಸು ಹದಕ್ಕೆ ಬರಲು ತಿಂಗಳುಗಳೇ ಬೇಕಾದವು. ಅವರಿಗೆ ತೆಳ್ಳಗಾಗುವ ಆಸೆಯಿರಲಿಲ್ಲ, ಯಾವ ಮಾನಸಿಕ ರೋಗವೂ ಇರಲಿಲ್ಲ. ಬರಿಯ ಹಸಿವೇ ಅವರನ್ನು ಹಾಗೆ ಮಾಡಿತು.

ಆದುದರಿಂದ ತಿಳಿಯಿರಿ. ಎಣ್ಣೆ ತೀರಿದ ದೀಪಕ್ಕೆ "ಚೆನ್ನಾಗಿ ಉರಿ" ಎಂದು ಉಪದೇಶ ಮಾಡಿದರೆ ಉರಿದೀತೆ? ಮೊದಲು ಎಣ್ಣೆ ಹಾಕಬೇಕು. ಹಸಿದ ಮಿದುಳಿಗೆ ತರ್ಕವು ಇಳಿಯುವುದಿಲ್ಲ. ಮೊದಲು ಅನ್ನ, ಆಮೇಲೆ ಉಪದೇಶ. ಮಗು ಹಟದಿಂದ ಮಾತು ಕೇಳುತ್ತಿಲ್ಲವೆಂದು ಭಾವಿಸಬೇಡಿರಿ. ಕೇಳುವ ಶಕ್ತಿಯನ್ನೇ ಕಾಯಿಲೆ ಕಸಿದುಕೊಂಡಿದೆ.

ಈಗ ಗುರುತುಗಳನ್ನು ಹೇಳುತ್ತೇವೆ. ತಾಯಂದಿರು, ಅಜ್ಜಿಯಂದಿರು ಗಮನವಿಟ್ಟು ಕೇಳಬೇಕು. "ಆಗಲೇ ಊಟ ಆಯಿತು", "ಗೆಳತಿಯ ಮನೆಯಲ್ಲಿ ತಿಂದೆ" ಎಂದು ದಿನದಿನವೂ ತಪ್ಪಿಸಿಕೊಳ್ಳುವುದು. ಎಲ್ಲರೊಡನೆ ಕೂತು ಉಣ್ಣಲು ಒಲ್ಲದಿರುವುದು. ಇತರರಿಗೆ ಅಕ್ಕರೆಯಿಂದ ಅಡುಗೆ ಮಾಡಿ ತಾನು ಮುಟ್ಟದಿರುವುದು. ರೊಟ್ಟಿಯನ್ನು ಚೂರುಚೂರು ಮಾಡಿ ತಟ್ಟೆಯಲ್ಲಿ ಆಡಿಸುವುದು. ಮತ್ತೆ ಮತ್ತೆ ತೂಕ ನೋಡುವುದು, ಕನ್ನಡಿ ನೋಡುವುದು. ಮೈ ಕಾಣದಂತೆ ಸಡಿಲವಾದ ಬಟ್ಟೆ ಹಾಕುವುದು. ಸುಸ್ತಾಗಿದ್ದರೂ ಬಿಡದೆ ವ್ಯಾಯಾಮ ಮಾಡುವುದು. ದೇಹದಲ್ಲಿ ಕಾಣುವ ಗುರುತುಗಳೆಂದರೆ, ಮುಟ್ಟು ನಿಲ್ಲುವುದು, ಸದಾ ಚಳಿಯೆನ್ನುವುದು, ತಲೆಗೂದಲು ಉದುರುವುದು, ಕೈ ಬೆನ್ನುಗಳ ಮೇಲೆ ನವುರಾದ ಕೂದಲು ಮೂಡುವುದು, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು.

ಬುಲಿಮಿಯಾದಲ್ಲಿ ದೇಹವು ಸೊರಗಿರಲೇಬೇಕೆಂದಿಲ್ಲ. ನೋಡುವವರಿಗೆ ಆರೋಗ್ಯವಾಗಿಯೇ ಕಾಣುತ್ತಾರೆ. ಊಟವಾದ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಕೆನ್ನೆಯ ಕೆಳಗೆ ಊತ, ಹಲ್ಲು ಸವೆಯುವುದು, ಡಬ್ಬಿಯ ತಿಂಡಿ ರಾತ್ರೋರಾತ್ರಿ ಖಾಲಿಯಾಗುವುದು, ಭೇದಿಯ ಮಾತ್ರೆಗಳು ಚೀಲದಲ್ಲಿ ಸಿಗುವುದು, ಇವೆಲ್ಲ ಅದರ ಸುಳಿವು. ಈ ಪಟ್ಟಿಯಲ್ಲಿ ಒಂದು ಕಂಡೊಡನೆ ಗಾಬರಿಪಡಬೇಕಿಲ್ಲ. ಮೂರು ನಾಲ್ಕು ಒಟ್ಟಿಗೆ ಕಂಡು ವಾರಗಟ್ಟಲೆ ಮುಂದುವರಿದರೆ ಸುಮ್ಮನಿರಬಾರದು.

ಇದೇಕೆ ಬರುತ್ತದೆ? ಒಂದೇ ಕಾರಣವನ್ನು ಬೊಟ್ಟು ಮಾಡಿ ತೋರಿಸಲಾಗದು. ರಕ್ತದಲ್ಲಿ ಬಂದ ಪ್ರವೃತ್ತಿಯೂ ಉಂಟೆಂದು ಅವಳಿಮಕ್ಕಳ ಅಧ್ಯಯನಗಳು ತೋರಿಸಿವೆ. ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ ಸ್ವಭಾವ, ಓದಿನ ಒತ್ತಡ, ಮನೆಯಲ್ಲಿ ನಡೆದ ಸಾವು ನೋವು, ಯಾರೋ ಮಾಡಿದ ಅಪಮಾನ, ಹೀಗೆ ಹಲವು ಎಳೆಗಳು ಸೇರಿ ಗಂಟಾಗುತ್ತವೆ. ತಂದೆತಾಯಿಗಳ ತಪ್ಪಿನಿಂದ ಬಂತೆಂದು ಯಾರೂ ಅವರತ್ತ ಬೆರಳು ತೋರಿಸಬಾರದು. ಆದರೆ ಸುತ್ತಲಿನ ಜನರ ಕಣ್ಣು ಮತ್ತು ನಾಲಗೆ ಏನು ಮಾಡಬಲ್ಲವೆಂಬುದಕ್ಕೆ ಒಂದು ದೃಷ್ಟಾಂತವಿದೆ. ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಲ್ಲಿ ಮೈದುಂಬಿದ ದೇಹವೇ ಚೆಲುವೆಂದು ಎಣಿಸುತ್ತಿದ್ದರು. ಅಲ್ಲಿಯ ನದ್ರೋಂಗ ಪ್ರಾಂತಕ್ಕೆ 1995ರಲ್ಲಿ ಟೆಲಿವಿಷನ್ ಬಂತು. ಆನ್ ಬೆಕರ್ ಎಂಬ ಅಮೆರಿಕೆಯ ವೈದ್ಯೆ ಆಗಲೇ ಅಲ್ಲಿಯ ಶಾಲೆಯ ಹುಡುಗಿಯರನ್ನು ವಿಚಾರಿಸಿದ್ದರು. ತೂಕ ಇಳಿಸಲೆಂದು ವಾಂತಿ ಮಾಡಿಕೊಳ್ಳುವವಳು ಒಬ್ಬಳೂ ಇರಲಿಲ್ಲ. 1998ರಲ್ಲಿ ಮತ್ತೆ ವಿಚಾರಿಸಿದಾಗ ನೂರಕ್ಕೆ 11 ಹುಡುಗಿಯರು ಹಾಗೆ ಮಾಡಿಕೊಳ್ಳುತ್ತಿದ್ದರು. ಮೂರೇ ವರ್ಷ. ಅದು ಹಜಾರದ ಮೂಲೆಯಲ್ಲಿದ್ದ ಟೆಲಿವಿಷನ್ನಿನ ಕಾಲ. ಇಂದು ಮಕ್ಕಳ ಅಂಗೈಯಲ್ಲೇ ಮೊಬೈಲು, ಅದರೊಳಗೆ ಹಗಲೂ ರಾತ್ರಿ ತೆಳ್ಳನೆಯ ಮೈಗಳ ಮೆರವಣಿಗೆ.

ಮೊಬೈಲನ್ನು ಬೈದು ನಾವು ಪಾರಾಗುವಂತಿಲ್ಲ. ಮದುವೆಮನೆಯಲ್ಲಿ ನಾಲ್ಕು ವರ್ಷದ ಮೇಲೆ ಸಿಕ್ಕ ಹುಡುಗಿಗೆ ನಾವು ಆಡುವ ಮೊದಲ ಮಾತೇನು? "ಏನೇ, ಇಷ್ಟು ದಪ್ಪ ಆಗಿದ್ದೀಯ?" ಹೆಣ್ಣು ನೋಡಲು ಬಂದವರು ಪಡಸಾಲೆಯಲ್ಲಿ ಕುಳಿತು, ಕೊಟ್ಟ ಉಪ್ಪಿಟ್ಟು ಅವಲಕ್ಕಿ ತಿನ್ನುತ್ತಲೇ, "ಹುಡುಗಿ ಸ್ವಲ್ಪ ದಪ್ಪ" ಎಂದು ಹೇಳಿ ಹೋಗುತ್ತಾರೆ. ಹೇಳಿದವರು ಬಸ್ಸು ಹತ್ತುವಷ್ಟರಲ್ಲಿ ಮರೆಯುತ್ತಾರೆ. ಕೇಳಿಸಿಕೊಂಡವಳು ವರ್ಷಗಟ್ಟಲೆ ಆ ಮಾತನ್ನು ಉಣ್ಣುತ್ತಾಳೆ, ಅನ್ನವನ್ನು ಬಿಡುತ್ತಾಳೆ. ಪರರ ಮಕ್ಕಳ ಮೈಯನ್ನು ತೂಗುವ ತಕ್ಕಡಿಯನ್ನು ದಯವಿಟ್ಟು ಕೆಳಗಿಡಿರಿ. ಈ ಶ್ರಾವಣದಲ್ಲಿ ಒಂದು ನೇಮ ಹಿಡಿಯಬೇಕೆಂದಿದ್ದರೆ ಇದನ್ನೇ ಹಿಡಿಯಿರಿ.

ಇನ್ನು ಸಹಾಯದ ಮಾತು. ಮೊದಲು ಮಗುವಿನೊಡನೆ ಮಾತನಾಡಬೇಕು. ಊಟದ ಹೊತ್ತಿನಲ್ಲಿ ಬೇಡ, ನಾಲ್ಕು ಜನರ ಎದುರು ಬೇಡ. "ನೀನು ಒಣಗಿ ಕಡ್ಡಿ ಆಗಿದ್ದೀಯ" ಎನ್ನಬೇಡಿರಿ. ಕಾಯಿಲೆಗೆ ಅದು ಬಹುಮಾನ ಕೊಟ್ಟಂತೆ. "ಅವ್ವಾ, ನೀನು ಮೊದಲಿನ ಹಾಗೆ ನಗುತ್ತಿಲ್ಲ, ನಿದ್ದೆ ಮಾಡುತ್ತಿಲ್ಲ, ನಮಗೆ ಚಿಂತೆಯಾಗಿದೆ. ನಾಳೆ ಡಾಕ್ಟರ ಹತ್ತಿರ ಹೋಗೋಣ, ನಾನೂ ಜೊತೆಗೆ ಬರುತ್ತೇನೆ" ಎನ್ನಿರಿ. ಮಗು ಸಿಟ್ಟಾದೀತು, ಏನೂ ಇಲ್ಲವೆಂದೀತು. ಆಗ ವಾದ ಮಾಡಬೇಡಿರಿ. ಹಾಗೆಂದು ಬಿಟ್ಟುಕೊಡಲೂ ಬೇಡಿರಿ.

ಊರಿನ ವೈದ್ಯರಿಂದಲೇ ಆರಂಭಿಸಬಹುದು. ಕ್ಷಯ, ಸಕ್ಕರೆ ಕಾಯಿಲೆ, ಥೈರಾಯ್ಡ್, ಕರುಳಿನ ತೊಂದರೆಗಳಿಂದಲೂ ಮೈ ಸೊರಗುವುದುಂಟು. ಅವನ್ನು ಪರೀಕ್ಷಿಸಿ ನೋಡಬೇಕು. ನಾಡಿ, ರಕ್ತದೊತ್ತಡ, ರಕ್ತದಲ್ಲಿರುವ ಲವಣಗಳು, ಹೃದಯದ ಇಸಿಜಿ ನೋಡಬೇಕು. ಮೂರ್ಛೆ ಬಂದರೆ, ನಾಡಿ ಬಹಳ ನಿಧಾನವಾದರೆ, ಎದೆ ನೋವೆಂದರೆ, ನೀರನ್ನೂ ಬಿಟ್ಟರೆ, ಸಾಯುವ ಮಾತು ಬಂದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಮಾವಾಸ್ಯೆ, ಮಂಗಳವಾರ ನೋಡಬೇಡಿರಿ. ಆಮೇಲೆ ಮನೋವೈದ್ಯರ ಬಳಿಗೆ ಹೋಗಬೇಕು. "ಹುಚ್ಚಿನ ಡಾಕ್ಟರ" ಎಂದು ಹಿಂದೆಗೆಯುವ ಕಾಲ ಕಳೆಯಿತು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಆಸ್ಪತ್ರೆಗಳಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುವ ಕೆಲಸ ಮಾಡಿ ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಧಾರವಾಡದ ಡಿಮ್ಹಾನ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ. ಎಲ್ಲಿ ಹೋಗಬೇಕೆಂದೇ ತಿಳಿಯದಿದ್ದರೆ, 2022ರಲ್ಲಿ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯಿದೆ. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಹಣವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಒಂದು ಎಚ್ಚರಿಕೆ. ಬಹಳ ದಿನ ಉಣ್ಣದವರಿಗೆ ಪ್ರೀತಿಯಿಂದ ಒಮ್ಮೆಗೇ ಹೋಳಿಗೆ ತುಪ್ಪ ತಿನ್ನಿಸಬಾರದು. ಮಹಾಯುದ್ಧದ ಕೊನೆಯಲ್ಲಿ ಸೆರೆಯಿಂದ ಬಿಡುಗಡೆಯಾದ ಹಸಿದ ಜನರಿಗೆ ಹೊಟ್ಟೆ ತುಂಬ ಊಟ ಕೊಟ್ಟಾಗ ಕೆಲವರು ಸತ್ತೇಹೋದರು. ಒಮ್ಮೆಗೇ ಊಟ ಬಿದ್ದರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಮ್ ಮೊದಲಾದ ಲವಣಗಳು ಕುಸಿದು ಹೃದಯಕ್ಕೆ ಆಪತ್ತಾಗುತ್ತದೆ. ಒಣಗಿದ ಸಸಿಗೆ ಕೊಡಗಟ್ಟಲೆ ನೀರು ಸುರಿಯುವುದಿಲ್ಲ, ಚಿಮುಕಿಸುತ್ತೇವೆ. ಎಷ್ಟು, ಯಾವಾಗ ಎಂಬುದನ್ನು ವೈದ್ಯರು ಹೇಳಬೇಕು.

ಮನೆಯವರ ಪಾಲೇನು? ಬಹಳ ಕಾಲ ವೈದ್ಯರು ರೋಗಿಯನ್ನು ಮನೆಯವರಿಂದ ದೂರವಿಡಬೇಕೆಂದೇ ಹೇಳುತ್ತಿದ್ದರು. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ವೈದ್ಯರು ಬೇರೆ ದಾರಿ ಹಿಡಿದರು. ತಂದೆತಾಯಿಗಳಿಗೇ ಕಲಿಸಿದರು, ಹೊತ್ತುಹೊತ್ತಿಗೆ ಮಗುವಿನ ಪಕ್ಕದಲ್ಲಿ ಕುಳಿತು ಶಾಂತರಾಗಿ, ದೃಢವಾಗಿ ಉಣ್ಣಿಸುವ ಹೊಣೆಯನ್ನು ಅವರಿಗೇ ಕೊಟ್ಟರು. ಚೇತರಿಸಿಕೊಳ್ಳುತ್ತ ಬಂದಂತೆ ಆ ಹೊಣೆ ಮತ್ತೆ ಮಗುವಿನ ಕೈಗೆ. ಹರೆಯದ ಮಕ್ಕಳಲ್ಲಿ ಈ ಕ್ರಮವು ಒಳ್ಳೆಯ ಫಲ ಕೊಟ್ಟಿದೆ. ಬುಲಿಮಿಯಾಕ್ಕೆ ಮಾತಿನ ಚಿಕಿತ್ಸೆಯೂ ಕೆಲವು ಮಾತ್ರೆಗಳೂ ಇವೆ. ಅಂಗಲಾಚುವಿಕೆಗೂ ಗದರಿಕೆಗೂ ನಡುವೆ ಒಂದು ಮೂರನೆಯ ದಾರಿಯಿದೆ: ಪಕ್ಕದಲ್ಲಿ ಕೂರುವುದು. ನಾವು ಪಂಕ್ತಿಭೋಜನ ಎನ್ನುವುದು ಅದನ್ನೇ ಅಲ್ಲವೆ?

ತಾಳ್ಮೆ ಬೇಕು. ಅಮೆರಿಕೆಯ ಬಾಸ್ಟನ್ ನಗರದಲ್ಲಿ ಈ ಕಾಯಿಲೆಯ ಹೆಂಗಸರನ್ನು ಬಹಳ ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅನೊರೆಕ್ಸಿಯಾದವರಲ್ಲಿ 9 ವರ್ಷದ ಹೊತ್ತಿಗೆ ಗುಣವಾದವರು ಸುಮಾರು ಮೂವರಲ್ಲಿ ಒಬ್ಬರು; 22 ವರ್ಷದ ಹೊತ್ತಿಗೆ ಸುಮಾರು ಮೂವರಲ್ಲಿ ಇಬ್ಬರು. ತಡವಾಯಿತೆಂದು ಕೈ ಚೆಲ್ಲಬಾರದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಬೇಗ ಚಿಕಿತ್ಸೆ ಸಿಕ್ಕಿದವರಿಗೆ ದಾರಿ ಇನ್ನೂ ಹತ್ತಿರ. ನಾವು ಹೇಳಿದ ಆ ಹುಡುಗಿಯನ್ನು ಅಂದೇ ಆಸ್ಪತ್ರೆಗೆ ಕಳುಹಿಸಿದೆವು. ಎರಡು ವರ್ಷ ಹಿಡಿಯಿತು. ನಡುವೆ ಒಮ್ಮೆ ಕಾಯಿಲೆ ಮರುಕಳಿಸಿತು. ಈಗ ಕೆಲಸಕ್ಕೆ ಹೋಗುತ್ತಿದ್ದಾಳೆ, ಉಣ್ಣುತ್ತಿದ್ದಾಳೆ.

ಕೊನೆಯದಾಗಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. "ಸ್ವಾಮಿಗೆ ಹರಕೆ ಹೊತ್ತಿದ್ದೇನೆ, ಮುರಿದರೆ ಪಾಪ ಬರುತ್ತದೆ" ಎಂದು ಯಾವ ಮಗುವಾದರೂ ಹೆದರಿ ಊಟ ಬಿಟ್ಟಿದ್ದರೆ, ಆ ಹರಕೆಯಿಂದ ಇಂದೇ ಅವರನ್ನು ಬಿಡುಗಡೆ ಮಾಡಿದ್ದೇವೆ. ನಮ್ಮ ಮಠದ ಹೆಸರಿನಲ್ಲಿ ಯಾರೂ ಹಸಿದಿರಬೇಕಾಗಿಲ್ಲ. ವೈದ್ಯರು ಉಣ್ಣೆಂದರೆ ಅದೇ ನಮ್ಮ ಅಪ್ಪಣೆಯೆಂದು ತಿಳಿಯಿರಿ. ಪಾಪವೇನಾದರೂ ಇದ್ದರೆ ಅದು ನಮ್ಮ ಪಾಲಿಗಿರಲಿ. ಈ ಮಾತನ್ನು ಮನೆಗೆ ಹೋಗಿ ನಿಮ್ಮ ಮಕ್ಕಳಿಗೆ ತಿಳಿಸಿರಿ. ಇಲ್ಲೇ ಕುಳಿತು ಕೇಳುತ್ತಿರುವ ಮಕ್ಕಳಲ್ಲಿ ಯಾರಿಗಾದರೂ ಇದು ತಮ್ಮದೇ ಕಥೆಯೆನಿಸಿದರೆ, ಇಂದು ರಾತ್ರಿಯೇ ನಂಬಿಕೆಯ ಒಬ್ಬರಿಗೆ, ಅವ್ವನಿಗೋ, ಅಕ್ಕನಿಗೋ, ಮೇಷ್ಟ್ರಿಗೋ, "ನನಗೆ ಉಣ್ಣಲು ಹೆದರಿಕೆಯಾಗುತ್ತದೆ" ಎಂಬ ಒಂದು ವಾಕ್ಯ ಹೇಳಿರಿ. ಉಳಿದುದನ್ನು ದೊಡ್ಡವರು ನೋಡಿಕೊಳ್ಳಬೇಕು.

ಪ್ರವಚನ ಮುಗಿದ ಮೇಲೆ ಎಲ್ಲರೂ ಪ್ರಸಾದ ಸ್ವೀಕರಿಸಿಯೇ ಹೋಗಬೇಕು. ಪಕ್ಕದಲ್ಲಿ ಕುಳಿತವರು ಉಂಡರೋ ಇಲ್ಲವೋ ಎಂದು ಪ್ರೀತಿಯಿಂದ ನೋಡಿಕೊಳ್ಳಿರಿ. ಎಲ್ಲರಿಗೂ ಒಳ್ಳೆಯದಾಗಲಿ.